ಅರಮನೆಯೋ, ರೈಲು ನಿಲ್ದಾಣವೋ, ಪವರ್‌ಹೌಸೋ? ಹಳೇ ಕಟ್ಟಡದ ಕಲಾ ಮ್ಯೂಸಿಯಂ ಆರಿಸಿಕೊಳ್ಳುವ ಬಗೆ

ಪ್ರವಾಸದ ನಡುವೆ ಒಂದು ದಿನವನ್ನು ಕಲಾ ಮ್ಯೂಸಿಯಂಗೆ ಅಂತ ತೆಗೆದಿಟ್ಟಿದ್ದೀರಿ ಅಂದುಕೊಳ್ಳಿ. ಆ ಊರಿನಲ್ಲಿ ಹೆಸರು ಮಾಡಿದ ಮ್ಯೂಸಿಯಂಗಳು ಮೂರ್ನಾಲ್ಕು ಇವೆ. ವಿಚಾರಿಸಿದರೆ ಅವುಗಳಲ್ಲಿ ಒಂದನ್ನೂ ಮ್ಯೂಸಿಯಂ ಅಂತ ಕಟ್ಟಿಲ್ಲ. ಒಂದು ರಾಜರ ಅರಮನೆ, ಇನ್ನೊಂದು ಮುಚ್ಚಿಹೋದ ರೈಲು ನಿಲ್ದಾಣ, ಮತ್ತೊಂದು ಕರೆಂಟು ತಯಾರಿಸುತ್ತಿದ್ದ ಪವರ್‌ಹೌಸ್. ಯಾವುದಕ್ಕೆ ಹೋಗುವುದು?

ಹೆಚ್ಚಿನವರು ಒಳಗಿರುವ ಚಿತ್ರಗಳ ಪಟ್ಟಿ ನೋಡಿ ತೀರ್ಮಾನ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ದಿನ ಹೇಗೆ ಕಳೆಯುತ್ತದೆ ಅನ್ನುವುದಕ್ಕೆ ಚಿತ್ರಗಳಿಗಿಂತ ದೊಡ್ಡ ಕಾರಣ, ಆ ಕಟ್ಟಡ ಹಿಂದೆ ಯಾವ ಕೆಲಸ ಮಾಡುತ್ತಿತ್ತು ಅನ್ನುವುದು. ಮಾಲೀಕರು ಬದಲಾದರೂ ಗೋಡೆಗಳಿಗೆ ಹಳೇ ಕೆಲಸ ಮರೆತಿರುವುದಿಲ್ಲ. ನೀವು ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು ಹತ್ತಬೇಕು, ಬೆಳಕು ಎಲ್ಲಿಂದ ಬರುತ್ತದೆ, ಜನ ಎಲ್ಲಿ ಗುಂಪುಗಟ್ಟುತ್ತಾರೆ, ಎಲ್ಲಿ ಕೂರಲು ಜಾಗ ಇದೆ, ಇವೆಲ್ಲ ಎಷ್ಟೋ ವರ್ಷ ಹಿಂದೆಯೇ ಬೇರೆ ಯಾವುದೋ ಕಾರಣಕ್ಕೆ ನಿರ್ಧಾರವಾಗಿಬಿಟ್ಟಿರುತ್ತವೆ. ಹಾಗಾಗಿ ನಾನು ಹೋಲಿಕೆಯನ್ನು ಕಟ್ಟಡದ ಹಳೇ ಕಸುಬಿನಿಂದ ಶುರು ಮಾಡುತ್ತೇನೆ.

ಅರಮನೆ

ಹಳೇ ಯುರೋಪಿನ ಅರಮನೆಗಳಲ್ಲಿ ಓಡಾಡಲು ಬೇರೆ ಹಾದಿ ಇರುವುದು ಕಡಿಮೆ. ಒಂದು ಕೋಣೆಯ ಬಾಗಿಲು ಇನ್ನೊಂದು ಕೋಣೆಗೆ ತೆರೆಯುತ್ತದೆ, ಅದರದ್ದು ಮತ್ತೊಂದಕ್ಕೆ. ಇದಕ್ಕೊಂದು ಕಾರಣವಿತ್ತು. ದೊರೆಯನ್ನು ನೋಡಲು ಬಂದವರು ತಮ್ಮ ಅಂತಸ್ತಿಗೆ ತಕ್ಕಂತೆ ಮೊದಲ ಕೋಣೆಯಲ್ಲೋ ಮೂರನೇ ಕೋಣೆಯಲ್ಲೋ ನಿಲ್ಲಬೇಕಿತ್ತು. ಒಳಗೆ ಹೋದಷ್ಟೂ ಮರ್ಯಾದೆ ಜಾಸ್ತಿ. ಈಗ ಆ ದೊರೆಯ ಜಾಗದಲ್ಲಿ ಒಂದು ಪ್ರಸಿದ್ಧ ಚಿತ್ರ ಕೂತಿದೆ, ಅಷ್ಟೇ ವ್ಯತ್ಯಾಸ. ಅದನ್ನು ನೋಡಬೇಕೆಂದರೆ ನೀವೂ ಹತ್ತು ಕೋಣೆ ದಾಟಲೇಬೇಕು. ಅಡ್ಡದಾರಿ ಇರುವುದಿಲ್ಲ. ಕಾಲು ಸೋಲುವುದು ಇಲ್ಲೇ.

ಪ್ಯಾರಿಸ್ಸಿನ ಲೂವ್ರ್ ಇದರ ದೊಡ್ಡ ಉದಾಹರಣೆ. 12ನೇ ಶತಮಾನದ ಕೊನೆಯಲ್ಲಿ ಕೋಟೆಯಾಗಿ ಶುರುವಾಗಿ, ಅರಮನೆಯಾಗಿ ಬೆಳೆದು, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಮ್ಯೂಸಿಯಂ ಆಯಿತು. ಅದರ ರಿಶೆಲ್ಯೂ ಭಾಗದಲ್ಲಿ 1989ರವರೆಗೂ ಹಣಕಾಸು ಇಲಾಖೆಯ ಕಚೇರಿಗಳಿದ್ದವು. ಎಂಟು ನೂರು ವರ್ಷ ಒಬ್ಬೊಬ್ಬರು ಒಂದೊಂದು ತುಂಡು ಕಟ್ಟಿ ಸೇರಿಸಿದ ಜಾಗದಲ್ಲಿ ದಾರಿ ತಪ್ಪದಿದ್ದರೆ ಆಶ್ಚರ್ಯ.

ಅಲ್ಲಿ ಎಲ್ಲರೂ ಓಡುವುದು ಮೋನಾಲಿಸಾ ಇರುವ ಕೋಣೆಗೆ. ಆ ಕೋಣೆ 19ನೇ ಶತಮಾನದಲ್ಲಿ, ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್ ಕಾಲದಲ್ಲಿ, ಶಾಸನಸಭೆ ಸೇರಲೆಂದು ಕಟ್ಟಿದ್ದು. ಅಂದರೆ ದೊಡ್ಡ ಜನಸಮೂಹ ಸೇರಲಿ ಅಂತಲೇ ಮಾಡಿದ ಜಾಗ. ಅದರಲ್ಲಿ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಒಂದು ಪುಟ್ಟ ಚಿತ್ರ ಗಾಜಿನ ಹಿಂದೆ ಇದೆ. ನೀವು ಸರತಿಯಲ್ಲಿ ನಿಂತು, ಮುಂದಿನವರ ಎತ್ತಿದ ಫೋನುಗಳ ಸಂದಿಯಲ್ಲಿ ಇಣುಕಿ, ಅರ್ಧ ನಿಮಿಷದಲ್ಲಿ ಪಕ್ಕಕ್ಕೆ ಸರಿಯಬೇಕು. ಈಗ ಹಿಂದಕ್ಕೆ ತಿರುಗಿ. ಎದುರಿನ ಗೋಡೆಯಲ್ಲಿ ವೆರೊನೇಸೆ ಅನ್ನುವ ಚಿತ್ರಕಾರ ಬರೆದ, ಬೈಬಲ್ಲಿನ ಕಾನಾ ಊರಿನ ಮದುವೆ ಊಟದ ಚಿತ್ರ ಇದೆ, ಸುಮಾರು ಏಳು ಮೀಟರ್ ಎತ್ತರ, ಹತ್ತು ಮೀಟರ್ ಅಗಲ. ವೆನಿಸ್ಸಿನ ಒಂದು ಮಠದ ಊಟದ ಹಾಲ್‌ಗೆಂದು ಬರೆದದ್ದು. ನೆಪೋಲಿಯನ್ನನ ಸೈನ್ಯ 1797ರಲ್ಲಿ ಅದನ್ನು ಕಿತ್ತುಕೊಂಡು ಬಂತು. ಆ ಕೋಣೆಯ ಅಳತೆಗೆ ಸರಿಹೊಂದುವುದು ಅದೇ. ಮಜಾ ಏನೆಂದರೆ, ಅಷ್ಟು ಜನ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಆರಾಮವಾಗಿ ನೋಡಬಹುದು.

ಹಾಗಾದರೆ ಅರಮನೆ ಬೇಡವೇ? ಬೇಕು, ಆದರೆ ಒಂದೇ ದಿನದಲ್ಲಿ ಮುಗಿಸುತ್ತೇನೆ ಅನ್ನುವ ಹಟ ಬೇಡ. ಒಂದು ಭಾಗ ಆರಿಸಿಕೊಳ್ಳಿ, ಮಿಕ್ಕಿದ್ದನ್ನು ಬಿಟ್ಟುಬಿಡಿ. ಲೂವ್ರ್‌ನಲ್ಲಿ ನನ್ನ ಆಯ್ಕೆ ಸುಲ್ಲಿ ಭಾಗದ ನೆಲಮಾಳಿಗೆ. ಹಳೇ ಕೋಟೆಯ ಗೋಡೆಯ ಬುಡ ಮತ್ತು ಕಂದಕ ಅಲ್ಲಿ ಹಾಗೇ ಕಾಣುತ್ತವೆ. ಚಿತ್ರ ಒಂದೂ ಇಲ್ಲ, ಗುಂಪೂ ಕಡಿಮೆ.

ಅರಮನೆಯಂತೆ ಕಾಣುವ ಎಲ್ಲವೂ ಅರಮನೆಯಲ್ಲ, ಇದನ್ನೂ ಗಮನಿಸಿ. ಫ್ಲಾರೆನ್ಸಿನ ಉಫಿತ್ಸಿ ಮ್ಯೂಸಿಯಂ ಕಟ್ಟಡವನ್ನು ವಾಸ್ತುಶಿಲ್ಪಿ ವಾಸಾರಿ 1560ರಲ್ಲಿ ಕಟ್ಟಲು ಶುರು ಮಾಡಿದ್ದು ಸರ್ಕಾರಿ ಕಚೇರಿಗಳಿಗಾಗಿ. ಕಚೇರಿ ಅಂದಮೇಲೆ ಉದ್ದನೆಯ ಓಣಿ, ಅದಕ್ಕೆ ಅಂಟಿಕೊಂಡ ಕೋಣೆಗಳು. ಜನ ಅಲ್ಲೂ ಕಿಕ್ಕಿರಿದಿರುತ್ತಾರೆ, ಆದರೆ ದಾರಿ ತಪ್ಪುವುದಿಲ್ಲ. ಚಿತ್ರಕಾರ ಬೊಟಿಚೆಲ್ಲಿಯ ಚಿತ್ರಗಳಿರುವ ಕೋಣೆಯಲ್ಲಿ ಉಸಿರುಗಟ್ಟಿದರೆ ಓಣಿಗೆ ಬಂದು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಮತ್ತೆ ಒಳಗೆ ಹೋಗಬಹುದು. ದಿನವಿಡೀ ನೋಡುವವರಿಗೆ ಇದು ಸಣ್ಣ ಅನುಕೂಲ ಅಲ್ಲ.

ರೈಲು ನಿಲ್ದಾಣ

ನಿಲ್ದಾಣ ಇರುವುದೇ ಗೊತ್ತಿಲ್ಲದ ಊರಿನಿಂದ ಬಂದವರಿಗೆ ದಾರಿ ಸಿಗಲಿ ಅಂತ. ಹಾಗಾಗಿ ಮೊದಲ ಸಲ ಹೋಗುವವರಿಗೆ ಇಷ್ಟು ಸಲೀಸಾದ ಮ್ಯೂಸಿಯಂ ಇನ್ನೊಂದಿಲ್ಲ. ಬಾಗಿಲು ದಾಟಿದ ತಕ್ಷಣ ಇಡೀ ಕಟ್ಟಡ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ.

ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂ 1900ರ ವಿಶ್ವ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ನಿಲ್ದಾಣ. ವಾಸ್ತುಶಿಲ್ಪಿ ವಿಕ್ಟರ್ ಲಾಲೂ. ಅಲ್ಲಿಗೆ ಬರುತ್ತಿದ್ದದ್ದು ವಿದ್ಯುತ್ ರೈಲುಗಳು. ಹೊಗೆಯ ಕಾಟ ಇಲ್ಲದ್ದರಿಂದ ಗಾಜಿನ ಛಾವಣಿಯನ್ನೂ ಒಳಗಿನ ಅಲಂಕಾರವನ್ನೂ ಧೈರ್ಯವಾಗಿ ಮಾಡಿದರು. ಮುಂದೆ ರೈಲುಗಳು ಉದ್ದವಾದವು, ಪ್ಲಾಟ್‌ಫಾರಂ ಸಾಕಾಗಲಿಲ್ಲ. 1939ರ ಹೊತ್ತಿಗೆ ದೂರದ ರೈಲುಗಳು ಬರುವುದೇ ನಿಂತಿತು. ಕೆಡವಿ ಹೋಟೆಲ್ ಕಟ್ಟುವ ಯೋಜನೆಯೂ ಇತ್ತು. ಅದು ತಪ್ಪಿ, 1986ರ ಡಿಸೆಂಬರಿನಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಒಳಾಂಗಣ ರೂಪಿಸಿದವರು ಇಟಲಿಯ ಗಾಯೆ ಔಲೆಂತಿ.

ಹಳಿಗಳಿದ್ದ ಜಾಗದಲ್ಲಿ ಈಗ ಶಿಲ್ಪಗಳಿವೆ. ನಿಲ್ದಾಣದ ಬೆಳಕು ಶಿಲ್ಪಕ್ಕೆ ಹೇಳಿ ಮಾಡಿಸಿದ್ದು. ಮೇಲಿನ ಗಾಜಿನಿಂದ ಬರುವ ಬಿಸಿಲು ಮೋಡ ಬಂದಾಗ ಬದಲಾಗುತ್ತದೆ, ಅಮೃತಶಿಲೆಯ ಭುಜದ ನೆರಳು ಕೂಡ ಅದರ ಜೊತೆ ಬದಲಾಗುತ್ತದೆ. ಕಾಗದದ ಮೇಲಿನ ಚಿತ್ರಗಳನ್ನು ಇಂಥ ಕಡೆ ಇಡುವ ಹಾಗಿಲ್ಲ. ಅವುಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳ ರೂಢಿ. ತೈಲಚಿತ್ರಕ್ಕೆ 150ರಿಂದ 200 ಲಕ್ಸ್ ನಡೆಯುತ್ತದೆ. ಕಲ್ಲಿಗೆ ಆ ಚಿಂತೆಯೇ ಇಲ್ಲ.

ಎಲ್ಲರಿಗೂ ಬೇಕಾದ ಮೋನೆ, ರೆನ್ವಾ, ಡೆಗಾ ಅವರ ಚಿತ್ರಗಳು ಇರುವುದು ಐದನೇ ಮಹಡಿಯಲ್ಲಿ. ಬಾಗಿಲು ತೆರೆದ ಕೂಡಲೇ ಬಂದವರು ನೇರ ಮೇಲಕ್ಕೆ ಹೋಗಿ, ಆಮೇಲೆ ಇಳಿಯುತ್ತಾ ಬರುವುದು ಒಳ್ಳೆಯದು. ಮಧ್ಯಾಹ್ನ ಬಂದವರು ಕೆಳಗಿನ ಶಿಲ್ಪಗಳಲ್ಲೇ ಕಾಲ ಕಳೆದು ಸಂಜೆ ಹತ್ತಲಿ. ಮೇಲೆ ಆ ದೊಡ್ಡ ಗಡಿಯಾರದ ಗಾಜಿನ ಹಿಂದೆ ನಿಂತರೆ ಸೇನ್ ನದಿಯಾಚೆಯ ಊರು ಕಾಣುತ್ತದೆ. ಮುಳ್ಳುಗಳು ತಿರುಗುಮುರುಗು. ಅಲ್ಲಿ ಫೋಟೋಗೆ ಸಾಲು ನಿಂತಿರುತ್ತದೆ, ಅದು ಬೇರೆ ಮಾತು.

ನಿಲ್ದಾಣದ ದೋಷ ಒಂದೇ, ಸದ್ದು. ಪ್ರಯಾಣಿಕರ ಗದ್ದಲವನ್ನು ತಿರುಗಿ ಕೊಡುತ್ತಿದ್ದ ಛಾವಣಿ ಈಗ ಶಾಲಾ ಮಕ್ಕಳ ಗದ್ದಲವನ್ನು ತಿರುಗಿ ಕೊಡುತ್ತದೆ. ಮೌನ ಬೇಕಾದವರು ಬೇರೆ ಕಡೆ ಹೋಗಲಿ. ಬರ್ಲಿನ್ನಿನ ಹಂಬುರ್ಗರ್ ಬಾನ್‌ಹೋಫ್ ಕೂಡ 1840ರ ದಶಕದ ನಿಲ್ದಾಣವೇ. 1996ರಿಂದ ಅಲ್ಲಿ ಸಮಕಾಲೀನ ಕಲೆ ಇದೆ.

ಪವರ್‌ಹೌಸ್ ಮತ್ತು ಕಾರ್ಖಾನೆ

ನನ್ನ ಒಲವು ಈ ಕಡೆಗೆ. ಅದನ್ನು ಮುಚ್ಚಿಟ್ಟು ಹೋಲಿಕೆ ಮಾಡುವುದು ಸರಿಯಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಪವರ್‌ಹೌಸನ್ನು ಯಂತ್ರಗಳಿಗಾಗಿ ಕಟ್ಟಿರುತ್ತಾರೆ. ಮನುಷ್ಯ ಅಲ್ಲಿ ಬರೀ ಓಡಾಡುವವನು. ಹಾಗಾಗಿ ಎತ್ತರ ವಿಪರೀತ, ನೆಲ ಗಟ್ಟಿ, ಬಾಗಿಲು ದೊಡ್ಡದು. ಎಷ್ಟು ಟನ್ ತೂಕದ ಕಲಾಕೃತಿ ತಂದಿಟ್ಟರೂ ನೆಲ ಕುಸಿಯುವ ಭಯ ಇಲ್ಲ. ವೀಲ್‌ಚೇರ್ ತಳ್ಳುವವರಿಗೆ, ಮಗುವಿನ ಗಾಡಿ ತರುವವರಿಗೆ ಇಷ್ಟು ಅನುಕೂಲ ಅರಮನೆಯಲ್ಲಿ ಸಿಗುವುದು ಕಷ್ಟ.

ಲಂಡನ್ನಿನ ಟೇಟ್ ಮಾಡರ್ನ್ ಎಲ್ಲರಿಗೂ ಗೊತ್ತಿರುವುದೇ. ಥೇಮ್ಸ್ ದಡದ ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರ 1981ರಲ್ಲಿ ಮುಚ್ಚಿತು. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ದ ಮ್ಯೂರೋನ್ ಅದನ್ನು 2000ನೇ ಇಸವಿಯಲ್ಲಿ ಮ್ಯೂಸಿಯಂ ಮಾಡಿ ಕೊಟ್ಟರು. ಟರ್ಬೈನುಗಳಿದ್ದ ಹಾಲ್ 35 ಮೀಟರ್ ಎತ್ತರ. ಅದನ್ನು ತುಂಡು ಮಾಡಿ ಮಹಡಿ ಹಾಕದೆ ಪೂರ್ತಿ ಖಾಲಿ ಬಿಟ್ಟರು, ದೊಡ್ಡ ತೀರ್ಮಾನ ಅದು. 2003ರಲ್ಲಿ ಕಲಾವಿದ ಓಲಾಫರ್ ಎಲಿಯಾಸನ್ ಅಲ್ಲಿ ಒಂದು ಕೃತಕ ಸೂರ್ಯನನ್ನೇ ಹುಟ್ಟಿಸಿದ್ದರು. ಜನ ನೆಲದ ಮೇಲೆ ಅಂಗಾತ ಮಲಗಿ ನೋಡಿದರು. 2007ರಲ್ಲಿ ಡೋರಿಸ್ ಸಾಲ್ಸೆಡೊ ಅನ್ನುವ ಕಲಾವಿದೆ ಆ ನೆಲದಲ್ಲಿ ಉದ್ದಕ್ಕೂ ಒಂದು ಬಿರುಕು ಮಾಡಿಸಿದರು. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ಸಿಮೆಂಟಿನಿಂದ ತುಂಬಿದರು, ಆದರೆ ಗುರುತು ಹೋಗಿಲ್ಲ. ಬೂದು ನೆಲದಲ್ಲಿ ಒಂದು ಗೆರೆ ಅಂಕುಡೊಂಕಾಗಿ ಹರಿದಿದೆ. ಅಲ್ಲಲ್ಲಿ ಕವಲೊಡೆದು ಮತ್ತೆ ಸೇರುತ್ತದೆ. ನೂರಾರು ಜನ ಅದನ್ನು ತುಳಿದುಕೊಂಡೇ ಹೋಗುತ್ತಾರೆ, ಕೆಳಗೆ ನೋಡುವವರು ಕಡಿಮೆ. ನೀವು ಹೋದರೆ ನೋಡಿ.

ಟೇಟ್‌ನ ಕಾಯಂ ಸಂಗ್ರಹಕ್ಕೆ ಟಿಕೆಟ್ ಇಲ್ಲ. ಅರ್ಧ ಗಂಟೆ ಸಿಕ್ಕರೂ ಸುಮ್ನೆ ಒಳಗೆ ಹೋಗಿ ಬರಬಹುದು. ಕಾಸು ಕೊಟ್ಟಿದ್ದೇವೆ ಅನ್ನುವ ಕಾರಣಕ್ಕೆ ಎಲ್ಲವನ್ನೂ ನೋಡಿ ತೀರಿಸುವ ಒತ್ತಡ ಇಲ್ಲ.

ರೋಮ್ ನಗರದ ಸೆಂತ್ರಾಲೆ ಮೊಂತೆಮಾರ್ತಿನಿ ಇನ್ನೊಂದು ಬಗೆಯದು. 1912ರಲ್ಲಿ ಶುರುವಾದ ಪವರ್‌ಹೌಸ್. 1997ರಲ್ಲಿ ಅದೇ ಊರಿನ ಕಾಪಿಟೊಲೈನ್ ಮ್ಯೂಸಿಯಂನ ಕೆಲವು ಭಾಗಗಳನ್ನು ರಿಪೇರಿಗೆ ಮುಚ್ಚಿದಾಗ ಅಲ್ಲಿನ ಶಿಲ್ಪಗಳಿಗೆ ತಾತ್ಕಾಲಿಕ ಜಾಗ ಬೇಕಾಯಿತು. ತಂದು ಈ ಪವರ್‌ಹೌಸಿನಲ್ಲಿಟ್ಟರು. ನೋಡಿದವರಿಗೆ ಎಷ್ಟು ಹಿಡಿಸಿತೆಂದರೆ ಹಲವು ಶಿಲ್ಪಗಳು ವಾಪಸ್ ಹೋಗಲೇ ಇಲ್ಲ. ಟೇಟ್‌ನಲ್ಲಿ ಯಂತ್ರಗಳನ್ನು ತೆಗೆದು ಕಲೆಗೆ ಜಾಗ ಮಾಡಿದರು. ಇಲ್ಲಿ ತೆಗೆಯಲಿಲ್ಲ. ಕಪ್ಪು ಬಣ್ಣದ ಭಾರೀ ಡೀಸೆಲ್ ಎಂಜಿನ್, ಅದರ ಬೋಲ್ಟುಗಳು, ಏಣಿ, ಕಂಬಿ, ಮೀಟರಿನ ಮುಳ್ಳು. ಅದರ ಮುಂದೆ ಎರಡು ಸಾವಿರ ವರ್ಷ ಹಳೆಯ ಬಿಳಿ ದೇವತೆ. ಬಿಳಿ ಗೋಡೆಯ ಮುಂದೆ ಇಟ್ಟಾಗ ಅಮೃತಶಿಲೆಯ ಅಂಚು ಕರಗಿಹೋಗುತ್ತದೆ. ಕಪ್ಪು ಕಬ್ಬಿಣದ ಮುಂದೆ ಮೂಗಿನ ತುದಿ, ಸೀರೆಯಂಥ ಬಟ್ಟೆಯ ನೆರಿಗೆ, ಮುರಿದ ಕೈಯ ಒರಟು, ಎಲ್ಲ ಕಡೆದಿಟ್ಟ ಹಾಗೆ ಎದ್ದು ಕಾಣುತ್ತದೆ. ಹಳೇ ಕಟ್ಟಡ ಮತ್ತು ಕಲೆ ಎರಡೂ ಒಂದಕ್ಕೊಂದು ಕೆಲಸ ಮಾಡಿಕೊಡುವುದನ್ನು ನೋಡಬೇಕೆಂದರೆ ನಾನು ಮೊದಲು ಹೇಳುವ ಹೆಸರು ಇದು. ಊರಿನ ಮುಖ್ಯ ಪ್ರವಾಸಿ ದಾರಿಯಿಂದ ಸ್ವಲ್ಪ ಆಚೆ ಇರುವುದರಿಂದ ನೂಕುನುಗ್ಗಲೂ ಇಲ್ಲ.

ಕಾರ್ಖಾನೆಗಳ ಪೈಕಿ ನ್ಯೂಯಾರ್ಕ್ ನಗರದಿಂದ ರೈಲಿನಲ್ಲಿ ಹೋಗಬಹುದಾದ ಡಿಯಾ ಬೀಕನ್ ಇದೆ. 1929ರಲ್ಲಿ ಬಿಸ್ಕತ್ ಕಂಪನಿಯೊಂದು ತನ್ನ ಡಬ್ಬಿಗಳ ಮೇಲೆ ಪ್ರಿಂಟ್ ಮಾಡಲು ಕಟ್ಟಿದ ಕಾರ್ಖಾನೆ. 2003ರಲ್ಲಿ ಮ್ಯೂಸಿಯಂ ಆಯಿತು. ಪ್ರಿಂಟಿಂಗ್‌ಗೆ ಬಣ್ಣ ಸರಿಯಾಗಿ ಕಾಣಬೇಕಲ್ವಾ, ಅದಕ್ಕೆ ಛಾವಣಿಯಲ್ಲಿ ಸಾಲು ಸಾಲಾಗಿ ಗಾಜು ಹಾಕಿದ್ದರು. ಈಗಲೂ ಅಲ್ಲಿ ಹೆಚ್ಚಾಗಿ ಇರುವುದು ಆ ಸೂರ್ಯನ ಬೆಳಕೇ. ಹೀಗಾಗಿ ಮೋಡ ಕವಿದ ದಿನಕ್ಕೂ ಬಿಸಿಲಿನ ದಿನಕ್ಕೂ ಬೇರೆ ಬೇರೆ ಮ್ಯೂಸಿಯಂ ನೋಡಿದಂತೆ. ಹವಾಮಾನ ನೋಡಿಕೊಂಡು ಹೋಗಬೇಕಾದ ಒಳಾಂಗಣ ಇದು.

ಎಲ್ಲ ಕಾರ್ಖಾನೆಯೂ ಕಲೆಗೆ ಒಗ್ಗುವುದಿಲ್ಲ. ಕೇಪ್‌ಟೌನ್‌ನ ಝೈಟ್ಸ್ ಮೋಕಾ ಮ್ಯೂಸಿಯಂ ಹಿಂದೆ ಧಾನ್ಯ ತುಂಬಿಡುವ ಸೈಲೋ. 42 ಕಾಂಕ್ರೀಟ್ ಕೊಳವೆಗಳು ಒತ್ತೊತ್ತಾಗಿ ನಿಂತಿದ್ದವು. ದುಂಡನೆಯ ಗೋಡೆಗೆ ಚಿತ್ರ ಹೇಗೆ ನೇತುಹಾಕುವುದು? ವಿನ್ಯಾಸಕಾರ ಥಾಮಸ್ ಹೆದರ್‌ವಿಕ್ ಅವರ ತಂಡ ಕೊಳವೆಗಳ ನಡುವೆ ಒಂದು ಕಾಳಿನ ಆಕಾರದ ದೊಡ್ಡ ಗುಹೆ ಕೊರೆಯಿತು. ಮಿಕ್ಕ ಕಡೆ ಚೌಕಾಕಾರದ ಬಿಳಿ ಕೋಣೆಗಳನ್ನು ಕೂರಿಸಿತು. 2017ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಕಟ್ಟಡ ನೋಡುವ ಖುಷಿ ನಡುವಿನ ಗುಹೆಯಲ್ಲಿ, ಕಲೆ ನೋಡುವ ಖುಷಿ ಸುತ್ತಲಿನ ಕೋಣೆಗಳಲ್ಲಿ. ಎರಡೂ ಒಂದೇ ಕಡೆ ಸಿಗುವುದಿಲ್ಲ. ಕೊಯ್ದ ಕೊಳವೆಗಳನ್ನು ಕೆಳಗೆ ನಿಂತು ನೋಡುವಾಗ ಮಾತ್ರ ಯಾರೂ ತಕರಾರು ಮಾಡಲಾರರು.

ಮಠ, ಆಸ್ಪತ್ರೆ

ಒಬ್ಬನೇ ಕಲಾವಿದನನ್ನು ಸಮಾಧಾನವಾಗಿ ನೋಡಬೇಕು ಅನ್ನುವವರಿಗೆ ಫ್ಲಾರೆನ್ಸಿನ ಸಾನ್ ಮಾರ್ಕೊ. 15ನೇ ಶತಮಾನದ ಮಠ. ಅಲ್ಲೇ ಸನ್ಯಾಸಿಯಾಗಿದ್ದ ಫ್ರಾ ಆಂಜೆಲಿಕೊ ತನ್ನ ಸಹಾಯಕರ ಜೊತೆ ಒಂದೊಂದು ಕೋಣೆಯ ಗೋಡೆಗೂ ಒಂದೊಂದು ಚಿತ್ರ ಬರೆದ. ಇಂಥ ನಲವತ್ತಕ್ಕೂ ಹೆಚ್ಚು ಕೋಣೆಗಳಿವೆ. ಒಂದು ಕೋಣೆಗೆ ಒಂದು ಸಣ್ಣ ಕಿಟಕಿ, ಒಂದು ಚಿತ್ರ. ಬೇರೇನೂ ಇಲ್ಲ. ಚಿತ್ರಗಳನ್ನು ಯಾರಿಗೋ ತೋರಿಸಲು ಬರೆದದ್ದಲ್ಲ. ಆ ಕೋಣೆಯಲ್ಲಿ ಮಲಗುವ ಒಬ್ಬ ಸನ್ಯಾಸಿ ದಿನಾ ನೋಡಲಿ ಅಂತ ಬರೆದದ್ದು. ಹಾಗಾಗಿ ಅಬ್ಬರ ಕಡಿಮೆ. ಮೆಟ್ಟಿಲು ಹತ್ತಿ ಮುಗಿಸಿದ ಜಾಗದಲ್ಲಿ ದೇವದೂತ ಮೇರಿಗೆ ಸುದ್ದಿ ತಿಳಿಸುವ ದೊಡ್ಡ ಚಿತ್ರ ಇದೆ. ಹತ್ತುವಾಗ ಮೊದಲು ಅದರ ಮೇಲ್ಭಾಗ, ಆಮೇಲೆ ಮುಖಗಳು, ಕೊನೆಗೆ ನೆಲ ಕಾಣುತ್ತದೆ. ಮೆಟ್ಟಿಲ ಮೇಲೆ ಸ್ವಲ್ಪ ನಿಧಾನ ಮಾಡಿ.

ಇನ್ನೊಂದು ತಮಾಷೆ. ಮಠ ಕಟ್ಟಲು ಹಣ ಕೊಟ್ಟ ಕೋಸಿಮೊ ಮೆಡಿಚಿಗೂ ಅಲ್ಲಿ ಒಂದು ಕೋಣೆ ಇತ್ತು, ಆತನದು ಮಾತ್ರ ಜೋಡಿ ಕೋಣೆ. ದೊಡ್ಡವರ ಧ್ಯಾನಕ್ಕೆ ಜಾಗ ಜಾಸ್ತಿ ಬೇಕು ನೋಡಿ.

ಇಲ್ಲಿ ಕಟ್ಟಡ ಮತ್ತು ಕಲೆಯನ್ನು ಬೇರೆ ಮಾಡಲು ಆಗುವುದೇ ಇಲ್ಲ, ಯಾಕೆಂದರೆ ಚಿತ್ರ ಇರುವುದು ಗೋಡೆಯ ಗಾರೆಯಲ್ಲೇ. ಲೂವ್ರ್‌ನ ಮದುವೆ ಊಟದ ಚಿತ್ರದ ಹಾಗೆ ಸುತ್ತಿಕೊಂಡು ಹೋಗುವಂಥದ್ದಲ್ಲ. ಆದರೆ ಕೋಣೆಗಳು ಕಿರಿದು. ನಾಲ್ಕು ಜನ ಬಾಗಿಲಲ್ಲಿ ನಿಂತರೆ ಐದನೆಯವರು ಕಾಯಬೇಕು. ದೊಡ್ಡ ಗುಂಪಿನೊಂದಿಗೆ ಹೋಗುವವರಿಗೆ ಇದು ಹಿಡಿಸಲಿಕ್ಕಿಲ್ಲ.

ಆಸ್ಪತ್ರೆಯಾಗಿದ್ದದ್ದು ಮ್ಯಾಡ್ರಿಡ್‌ನ ರೈನಾ ಸೋಫಿಯಾ. 18ನೇ ಶತಮಾನದ ಕಟ್ಟಡ, 1965ರವರೆಗೆ ಅಲ್ಲಿ ರೋಗಿಗಳಿದ್ದರು. ಕಮಾನು ಛಾವಣಿಯ ಉದ್ದುದ್ದ ಪಡಸಾಲೆಗಳು, ನಡುವೆ ಅಂಗಳದಲ್ಲಿ ತೋಟ. ಆಸ್ಪತ್ರೆಯ ಶಿಸ್ತು ಇನ್ನೂ ಉಳಿದಿದೆ. ಗೋಡೆ ಬೋಳು, ಅಲಂಕಾರ ಇಲ್ಲ. ಪಿಕಾಸೋನ ಗೆರ್ನಿಕಾ 1992ರಿಂದ ಇಲ್ಲಿದೆ. ಯುದ್ಧವಿಮಾನಗಳು ಬಾಂಬ್ ಹಾಕಿ ಸುಟ್ಟ ಊರಿನ ಚಿತ್ರ ಅದು. ಬಂಗಾರದ ಬಣ್ಣದ ಅರಮನೆ ಕೋಣೆಯಲ್ಲಿ ಅದನ್ನು ಕಲ್ಪಿಸಿಕೊಳ್ಳಿ, ಆಗ ಈ ಬೋಳು ಗೋಡೆಯ ಬೆಲೆ ತಿಳಿಯುತ್ತದೆ. ದಪ್ಪ ಕಲ್ಲಿನ ಕಟ್ಟಡವನ್ನು ಒಳಗೆ ಒಡೆಯದೆ ಲಿಫ್ಟನ್ನು ಹೊರಗಡೆ ಗಾಜಿನ ಗೋಪುರದಲ್ಲಿ ಹಾಕಿದ್ದಾರೆ.

ಹಳೇ ಕಟ್ಟಡಕ್ಕೆ ಇಷ್ಟು ಹೊಸದಾಗಿ ಕಾಣುವ ಗಾಜು ಯಾಕೆ ಅಂಟಿಸುತ್ತಾರೆ ಅಂತ ಹಲವರಿಗೆ ಸಿಟ್ಟು ಬರುತ್ತದೆ. ಲೂವ್ರ್‌ನ ಗಾಜಿನ ಪಿರಮಿಡ್ಡಿಗೂ 1980ರ ದಶಕದಲ್ಲಿ ಸಾಕಷ್ಟು ಬೈಗುಳ ಬಿದ್ದಿತ್ತು. ಇದರ ಹಿಂದೆ ಒಂದು ನಿಯಮ ಇದೆ. ಹಳೇ ಸ್ಮಾರಕಗಳ ಬಗ್ಗೆ 1964ರಲ್ಲಿ ವೆನಿಸ್ಸಿನಲ್ಲಿ ಆದ ಒಪ್ಪಂದ, ಹೊಸದಾಗಿ ಸೇರಿಸಿದ್ದು ಹಳೆಯದರಿಂದ ಬೇರೆಯಾಗಿ ಗುರುತು ಸಿಗಬೇಕು ಅನ್ನುತ್ತದೆ. ನಕಲು ಮಾಡಿ ಹಳೇದರ ಹಾಗೆ ತೋರಿಸುವುದು ಮೋಸ ಅನ್ನುವ ನಂಬಿಕೆ. ಹಾಗಾಗಿ ಇಂಥ ಮ್ಯೂಸಿಯಂಗೆ ಹೋದಾಗ ಹಳೇದು ಮುಗಿದು ಹೊಸದು ಶುರುವಾಗುವ ಜಾಗವನ್ನು ಹುಡುಕಿ. ಅಲ್ಲಿ ಅಚ್ಚುಕಟ್ಟಾಗಿ ಒಂದು ಸಂದಿ ಬಿಟ್ಟಿದ್ದರೆ ಕೆಲಸ ಬಲ್ಲವರು ಮಾಡಿದ್ದಾರೆ ಅಂತ ಅರ್ಥ.

ಆ ಸಂದಿಯ ಕಲೆಯನ್ನೇ ನೋಡಬೇಕಾದರೆ ವೆರೋನಾ ಊರಿನ ಕಸ್ತೆಲ್‌ವೆಕ್ಕಿಯೊ ಕೋಟೆ. ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪ 1950–60ರ ದಶಕಗಳಲ್ಲಿ ಅದನ್ನು ಮ್ಯೂಸಿಯಂ ಆಗಿ ತಿದ್ದಿದರು. ಆ ಊರಿನ ಹಳೇ ದೊರೆ ಕಾಂಗ್ರಾಂದೆ ಕುದುರೆ ಏರಿದ ಕಲ್ಲಿನ ಮೂರ್ತಿಯನ್ನು ಕೋಣೆಯೊಳಗೆ ಇಡದೆ, ಎರಡು ಕಟ್ಟಡಗಳ ನಡುವಿನ ಬಯಲಿನಲ್ಲಿ, ಕಾಂಕ್ರೀಟ್ ಪೀಠದ ಮೇಲೆ ಗಾಳಿಯಲ್ಲಿ ನಿಲ್ಲಿಸಿದ್ದಾರೆ. ಕೆಳಗಿನಿಂದ ಒಂದು ಸಲ, ಸೇತುವೆ ದಾಟುವಾಗ ಇನ್ನೊಂದು ಸಲ, ಹೀಗೆ ಮತ್ತೆ ಮತ್ತೆ ಎದುರಾಗುತ್ತದೆ. ವಾಸ್ತುಶಿಲ್ಪ ಓದುವವರು ಇದನ್ನು ತಪ್ಪಿಸುವುದೇ ಇಲ್ಲ. ಮಿಕ್ಕವರಿಗೆ, ಚಿತ್ರಗಳ ಪಟ್ಟಿ ಹಿಡಿದು ಹೋದರೆ, ಸ್ವಲ್ಪ ಸಪ್ಪೆ ಅನ್ನಿಸಬಹುದು.

ಮನೆ

ಮನೆಯಲ್ಲಿ ಕಲೆಯ ಅಳತೆ ನಮ್ಮ ಅಳತೆಗೆ ಇರುತ್ತದೆ. ಕುರ್ಚಿ, ಒಲೆಗೂಡು, ಕಿಟಕಿ, ಅದರ ಪಕ್ಕ ಚಿತ್ರ. ಎರಡು ಗಂಟೆಯಲ್ಲಿ ಮುಗಿಯುತ್ತದೆ. ಸುಸ್ತಾಗುವ ಮೊದಲೇ ಹೊರಗೆ ಬಂದಿರುತ್ತೀರಿ.

ಲಂಡನ್ನಿನಲ್ಲಿ ವಾಸ್ತುಶಿಲ್ಪಿ ಜಾನ್ ಸೋನ್ ಅವರ ಮನೆ ಇದಕ್ಕೆ ಒಳ್ಳೆಯ ಉದಾಹರಣೆ. ತಾನು ಸತ್ತ ಮೇಲೂ ಮನೆ ಹೀಗೇ ಇರಬೇಕು ಅಂತ 1833ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿಸಿಕೊಂಡ ಮನುಷ್ಯ. ಚಿತ್ರಗಳಿಗೆ ಗೋಡೆ ಸಾಲದಾದಾಗ ಗೋಡೆಗೇ ಬಾಗಿಲಿನ ಹಾಗೆ ಹಿಂಜು ಹಾಕಿಸಿದರು. ಸಿಬ್ಬಂದಿ ಬಂದು ಆ ಹಲಗೆಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಒಂದು ಚಿತ್ರದ ಹಿಂದೆ ಇನ್ನೊಂದು ಚಿತ್ರ. ಹೋಗಾರ್ತ್ ಬರೆದ, ಅಪ್ಪನ ಆಸ್ತಿ ಹಾಳು ಮಾಡಿ ಹುಚ್ಚಾಸ್ಪತ್ರೆ ಸೇರಿದ ಯುವಕನ ಕಥೆಯ ಎಂಟು ಚಿತ್ರಗಳು ಇರುವುದು ಇಲ್ಲೇ. ನೆಲಮಾಳಿಗೆಯಲ್ಲಿ ಈಜಿಪ್ಟಿನ ದೊರೆ ಸೇಟಿಯ ಶವಪೆಟ್ಟಿಗೆ ಇದೆ. ಬ್ರಿಟಿಷ್ ಮ್ಯೂಸಿಯಂ ದುಬಾರಿ ಅಂತ ಬಿಟ್ಟದ್ದನ್ನು ಸೋನ್ 1824ರಲ್ಲಿ ಕೊಂಡು, ಮೂರು ರಾತ್ರಿ ದೀಪ ಹಚ್ಚಿ ಪಾರ್ಟಿ ಕೊಟ್ಟರಂತೆ.

ಮನೆಯ ಕಷ್ಟ ಜಾಗದ್ದು. ಒಮ್ಮೆಗೆ ಇಷ್ಟೇ ಜನ ಅಂತ ಒಳಗೆ ಬಿಡುತ್ತಾರೆ, ಹೊರಗೆ ಸಾಲು. ದೊಡ್ಡ ಬ್ಯಾಗ್ ಬಿಡುವುದಿಲ್ಲ. ಮೆಟ್ಟಿಲು ಕಿರಿದು. ನ್ಯೂಯಾರ್ಕಿನ ಫ್ರಿಕ್ ಸಂಗ್ರಹ ಕಲ್ಲಿದ್ದಲು, ಉಕ್ಕಿನ ಸಾಹುಕಾರನ ಮನೆ, 1935ರಿಂದ ಮ್ಯೂಸಿಯಂ. ಡಚ್ ಚಿತ್ರಕಾರ ವರ್ಮೀರನ ಮೂರು ಚಿತ್ರಗಳು ಅಲ್ಲಿವೆ. ವರ್ಷಗಳ ರಿಪೇರಿ ಮುಗಿದು 2025ರಲ್ಲಿ ತೆರೆದಾಗ, ಕುಟುಂಬ ವಾಸವಿದ್ದ ಮೇಲಿನ ಮಹಡಿಯನ್ನೂ ಮೊದಲ ಸಲ ಜನರಿಗೆ ಬಿಟ್ಟರು. ಆದರೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಇಲ್ಲ. ಮಕ್ಕಳನ್ನು ಕರೆದುಕೊಂಡು ಬಾಗಿಲವರೆಗೆ ಹೋಗಿ ವಾಪಸಾಗುವುದು ಬೇಡ.

ಕೋರ್ಟು, ಸಭಾಭವನಗಳ ಬಗ್ಗೆ ಎರಡೇ ಮಾತು. ಸಿಂಗಪುರದ ನ್ಯಾಷನಲ್ ಗ್ಯಾಲರಿ ಹಳೇ ಸುಪ್ರೀಂ ಕೋರ್ಟ್ ಮತ್ತು ಸಿಟಿ ಹಾಲ್ ಎರಡನ್ನೂ ಸೇರಿಸಿ 2015ರಲ್ಲಿ ತೆರೆದದ್ದು. ಆರೋಪಿಗಳನ್ನು ಕೂಡಿಹಾಕುತ್ತಿದ್ದ ಕೋಣೆಯನ್ನೂ ಉಳಿಸಿಕೊಂಡಿದ್ದಾರೆ. ಮುಂಬಯಿಯ ಆಧುನಿಕ ಕಲಾ ಗ್ಯಾಲರಿ ಇರುವುದು 1911ರ ಕಾವಸ್‌ಜಿ ಜಹಾಂಗೀರ್ ಹಾಲಿನಲ್ಲಿ. ಒಂದೇ ದೊಡ್ಡ ಹಾಲನ್ನು ಅರ್ಧಚಂದ್ರದ ಮಜಲುಗಳಾಗಿ ಮಾಡಿ, ಹತ್ತುತ್ತಾ ಹತ್ತುತ್ತಾ ಗುಮ್ಮಟದವರೆಗೆ ಹೋಗುವ ಹಾಗೆ ಮಾಡಿದ್ದಾರೆ. ಮೊಣಕಾಲು ನೋವಿದ್ದವರು ಮೊದಲೇ ಯೋಚಿಸಿ.

ಯಾರಿಗೆ ಯಾವುದು

ವಯಸ್ಸಾದವರು ಜೊತೆಗಿದ್ದರೆ ಪವರ್‌ಹೌಸ್ ಅಥವಾ ನಿಲ್ದಾಣ. ಲಿಫ್ಟ್ ದೊಡ್ಡದು, ನೆಲ ಸಮ, ಕೂರಲು ಜಾಗ ಇರುತ್ತದೆ. ಅರಮನೆಗಳಲ್ಲಿ ಲಿಫ್ಟ್ ಇದ್ದರೂ ಎಲ್ಲೋ ಮೂಲೆಯಲ್ಲಿ ಸಿಕ್ಕಿಸಿರುತ್ತಾರೆ. ಒಳಗೆ ಹೋದ ತಕ್ಷಣ ಸಿಬ್ಬಂದಿಯನ್ನು ಕೇಳಿಬಿಡಿ, ನಕ್ಷೆ ನೋಡುತ್ತಾ ಕೂರಬೇಡಿ. ಸಣ್ಣ ಮಕ್ಕಳಿಗೆ ಟೇಟ್ ಥರದ ಜಾಗ, ಓಡಿದರೂ ಯಾರೂ ಕಣ್ಣು ಬಿಡುವುದಿಲ್ಲ. ಒಬ್ಬರೇ ಹೋಗುತ್ತಿದ್ದರೆ ಮಠ ಅಥವಾ ಮನೆ. ಕಲೆಯಲ್ಲಿ ಅಷ್ಟು ಆಸಕ್ತಿ ಇಲ್ಲದ ಗೆಳೆಯರನ್ನು ಎಳೆದುಕೊಂಡು ಹೋಗಬೇಕಾದರೆ ಮೊಂತೆಮಾರ್ತಿನಿ. ಅವರು ಎಂಜಿನ್ ನೋಡುತ್ತಿರಲಿ, ನೀವು ಶಿಲ್ಪ ನೋಡಿ.

ಒಂದೇ ಊರಿನಲ್ಲಿ ಎರಡು ನೋಡುವುದಾದರೆ ಎರಡು ಬೇರೆ ಕಸುಬಿನ ಕಟ್ಟಡ ಆರಿಸಿಕೊಳ್ಳಿ. ಎರಡು ಅರಮನೆ ಒಂದೇ ದಿನ ಬೇಡವೇ ಬೇಡ. ಫ್ಲಾರೆನ್ಸಿನಲ್ಲಿ ಒಂದು ದಿನ ಉಫಿತ್ಸಿ, ಮರುದಿನ ಬೆಳಿಗ್ಗೆ ಸಾನ್ ಮಾರ್ಕೊ. ಲಂಡನ್ನಿನಲ್ಲಿ ಬೆಳಿಗ್ಗೆ ಸೋನ್ ಮನೆ, ಮಧ್ಯಾಹ್ನ ಟೇಟ್. ಪ್ಯಾರಿಸ್ಸಿನಲ್ಲಿ ಒಂದಕ್ಕೇ ಸಮಯ ಇದ್ದರೆ ನಾನು ಓರ್ಸೆ ಅನ್ನುತ್ತೇನೆ, ಲೂವ್ರ್ ಅಲ್ಲ. ಇದಕ್ಕೆ ಬೈಯುವವರು ಇರುತ್ತಾರೆ, ಇರಲಿ. ಅರ್ಧ ದಿನದಲ್ಲಿ ಓರ್ಸೆಯನ್ನು ನೋಡಿದೆ ಅನ್ನಬಹುದು. ಲೂವ್ರ್‌ನಲ್ಲಿ ಅರ್ಧ ದಿನ ಅಂದರೆ ಬರೀ ನಡೆದದ್ದಾಗುತ್ತದೆ.

ಟಿಕೆಟ್ ಕೊಳ್ಳುವ ಮೊದಲು ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಎರಡು ವಿಷಯ ನೋಡಿ. ಒಂದು, ರಜೆಯ ದಿನ. ಲೂವ್ರ್‌ಗೆ ಮಂಗಳವಾರ ರಜೆ, ಓರ್ಸೆಗೆ ಸೋಮವಾರ, ರೈನಾ ಸೋಫಿಯಾಗೆ ಮಂಗಳವಾರ. ಇನ್ನೊಂದು, ಯಾವ ಭಾಗ ಮುಚ್ಚಿದೆ ಅನ್ನುವುದು. ಹಳೇ ಕಟ್ಟಡದಲ್ಲಿ ಒಂದಲ್ಲ ಒಂದು ಕಡೆ ರಿಪೇರಿ ನಡೆಯುತ್ತಲೇ ಇರುತ್ತದೆ. ನೀವು ನೋಡಬೇಕೆಂದಿರುವ ಕೋಣೆಯೇ ಆ ವಾರ ಮುಚ್ಚಿದ್ದರೆ ಪ್ರಯಾಣದ ದಿನಾಂಕ ಬದಲಿಸಲು ಆಗುವುದಿಲ್ಲ, ಆದರೆ ಮ್ಯೂಸಿಯಂ ಬದಲಿಸಬಹುದು.